ಕಾಣೆಯಾದ ಡಿಎಲ್ಎಲ್: ಮೊದಲು ಅದರ ತವರು ಹುಡುಕಿ

ಮದುವೆ ಸೀಸನ್. ದಾವಣಗೆರೆ ಮಂಡಿಪೇಟೆಯ ಪಕ್ಕದ ಗಲ್ಲಿಯಲ್ಲಿರುವ ನನ್ನ ಡಿಟಿಪಿ ಅಂಗಡಿಯಲ್ಲಿ ಅವತ್ತು ಮೂರು ಲಗ್ನಪತ್ರಿಕೆ, ಒಂದು ಗೃಹಪ್ರವೇಶದ ಫ್ಲೆಕ್ಸ್ ಬಾಕಿ ಇತ್ತು. ಹಿಂದಿನ ರಾತ್ರಿಯಷ್ಟೇ ಹಾಕಿದ್ದ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಒತ್ತಿದರೆ ಪರದೆಯ ನಡುವೆ ಒಂದು ಚೌಕ ಬಂದು ನಿಂತಿತು. ವಿಸಿರನ್‌ಟೈಮ್140_1.ಡಿಎಲ್ಎಲ್ ಎಂಬ ಫೈಲ್ ಸಿಗುತ್ತಿಲ್ಲ, ಹಾಗಾಗಿ ಪ್ರೋಗ್ರಾಂ ಶುರುವಾಗುವುದಿಲ್ಲವಂತೆ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಆ ಹೆಸರನ್ನು ಗೂಗಲ್‌ಗೆ ಹಾಕಿ, ಮೊದಲು ಕಂಡ ಸೈಟಿನಿಂದ ಫೈಲ್ ಇಳಿಸಿ, ವಿಂಡೋಸ್ ತನ್ನ ಕಡತಗಳನ್ನು ಇಟ್ಟುಕೊಳ್ಳುವ ಸಿಸ್ಟಮ್32 ಫೋಲ್ಡರಿಗೆ ತುರುಕಿದೆ. ಚೌಕ ಹೋಗಲಿಲ್ಲ, ಮಾತು ಬದಲಿಸಿತು. ಈಗ ಎಂಎಸ್‌ವಿಸಿಪಿ140.ಡಿಎಲ್ಎಲ್ ಒಳಗೆ ಬೇಕಾದ ಎಂಟ್ರಿ ಪಾಯಿಂಟ್ ಇಲ್ಲ ಎಂದಿತು. ಅದನ್ನೂ ಇಳಿಸಿ, ಇದ್ದದ್ದರ ಮೇಲೆಯೇ ಹಾಕಿದೆ. ಆಮೇಲೆ ಬಂದದ್ದು ಒಂದು ಎರರ್ ಸಂಖ್ಯೆ: 0ಎಕ್ಸ್‌ಸಿ000007ಬಿ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಅಲ್ಲಿಯವರೆಗೆ ಸರಿಯಾಗಿದ್ದ ಸ್ಕ್ಯಾನರ್ ಸಾಫ್ಟ್‌ವೇರ್ ಕೂಡ ಮಲಗಿತು. 'ಫಾರ್ಮ್ಯಾಟ್ ಹೊಡ್ಸಿಬಿಡಣ ಬಿಡ್ರಣ್ಣ' ಎಂದ ನಮ್ಮ ಹುಡುಗ. ನಮ್ಮೂರಲ್ಲಿ ಕಂಪ್ಯೂಟರಿನ ನೆಗಡಿಗೂ ಕೊಡುವ ಮದ್ದು ಅದೇ.

ಫಾರ್ಮ್ಯಾಟ್ ಬೇಕಾಗಲಿಲ್ಲ. ಅವತ್ತು ಸಂಜೆ ಕಲಿತದ್ದನ್ನೂ ಆಮೇಲೆ ಅಕ್ಕಪಕ್ಕದ ಅಂಗಡಿಗಳ ಸಿಸ್ಟಮ್‌ಗಳಲ್ಲಿ ಮಾಡಿ ನೋಡಿದ್ದನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಡಿಎಲ್ಎಲ್ ಎಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡಿನ ಕಡತ. ಓಣಿಗೆಲ್ಲ ಒಂದೇ ರುಬ್ಬುವ ಕಲ್ಲು ಇದ್ದಂತೆ. ಒಬ್ಬರು ತಮಗೆ ಬೇಕೆಂದು ಗುಂಡುಕಲ್ಲು ಬದಲಿಸಿದರೆ ಮರುದಿನ ಪಕ್ಕದ ಮನೆಯ ಹಿಟ್ಟು ತರಿತರಿ. ನನ್ನ ಸ್ಕ್ಯಾನರ್ ಮಲಗಿದ್ದು ಹೀಗೆಯೇ. ಇಂಥ ಪ್ರತಿ ಕಡತಕ್ಕೂ ಒಂದು ತವರು ಇರುತ್ತದೆ, ಅಂದರೆ ಅದನ್ನು ತಂದ ಪ್ಯಾಕೇಜ್. ಹೊಸದು ಬೇಕಿದ್ದರೆ ತವರಿನಿಂದಲೇ ತರಿಸಬೇಕು, ದಾರಿಯಲ್ಲಿ ಸಿಕ್ಕವರಿಂದಲ್ಲ.

ಇನ್ನೊಂದು ಭೇದ ಮೊದಲೇ ತಲೆಯಲ್ಲಿರಲಿ. ಹಳೆಯದು ಬೇರೆ, ಹಾಳಾದದ್ದು ಬೇರೆ. ಹಳೆಯ ಕಡತ ಆರೋಗ್ಯವಾಗಿಯೇ ಇರುತ್ತದೆ, ಹೊಸ ಪ್ರೋಗ್ರಾಂ ಕೇಳುವ ಕೆಲಸ ಅದಕ್ಕೆ ಬರುವುದಿಲ್ಲ ಅಷ್ಟೆ. ಹಾಳಾದದ್ದು ಕರೆಂಟ್ ಹೋಗಿಯೋ, ಡಿಸ್ಕ್ ಕೆಟ್ಟೋ, ಅರ್ಧಕ್ಕೆ ನಿಂತ ಅಪ್‌ಡೇಟ್‌ನಿಂದಲೋ ಮುರಿದಿರುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಒಂದು: ಫೋಟೊ ತೆಗೆಯಿರಿ, ಓಕೆ ಒತ್ತಬೇಡಿ

ಎರರ್ ಬಂದ ತಕ್ಷಣ ಎಲ್ಲರ ಬೆರಳೂ ಓಕೆಯ ಮೇಲೆ ಹೋಗುತ್ತದೆ. ತಾಳಿ. ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಅದರಲ್ಲಿ ಮೂರು ಸಂಗತಿ ನೋಡಬೇಕು: ಕಡತದ ಹೆಸರು, ಸಂಖ್ಯೆಯೇನಾದರೂ ಇದ್ದರೆ ಅದು, ಮತ್ತು 'ಇಲ್ಲ' ಎನ್ನುತ್ತಿದೆಯೋ 'ಇದೆ, ಆದರೆ ಒಳಗೆ ಬೇಕಾದದ್ದಿಲ್ಲ' ಎನ್ನುತ್ತಿದೆಯೋ ಎಂಬುದು. ಎಂಟ್ರಿ ಪಾಯಿಂಟ್ ಸಿಗಲಿಲ್ಲ ಎಂಬ ಮಾತು ಬಂದರೆ ಬಹುಮಟ್ಟಿಗೆ ಅದು ಹಳೆಯ ಕಡತದ ಲಕ್ಷಣ. ಕಡತ ಅಲ್ಲೇ ಇದೆ, ಪ್ರೋಗ್ರಾಂ ಹುಡುಕುತ್ತಿರುವ ಬಾಗಿಲು ಮಾತ್ರ ಅದರಲ್ಲಿ ಇನ್ನೂ ಇಟ್ಟಿಲ್ಲ.

ಎರಡು: ಗಡಿಯಾರ

ಇದು ಸಿಸ್ಟಮ್ ಕಡತದ ವಿಷಯವೇ ಅಲ್ಲ, ಆದರೂ ಮೊದಲು ನೋಡಿ. ಪರದೆಯ ಮೂಲೆಯ ತಾರೀಖು ಹತ್ತು ವರ್ಷ ಹಿಂದಿನದಾಗಿದ್ದರೆ ಬ್ಯಾಂಕಿನ ಸೈಟು ತೆರೆಯುವುದಿಲ್ಲ, ವಿಂಡೋಸ್ ಅಪ್‌ಡೇಟ್ ಓಡುವುದಿಲ್ಲ, ಸಾಫ್ಟ್‌ವೇರಿನ ಲೈಸೆನ್ಸ್ ತಗಾದೆ ತೆಗೆಯುತ್ತದೆ. ಭದ್ರತಾ ಪ್ರಮಾಣಪತ್ರಗಳಿಗೆಲ್ಲ ಇಂತಿಷ್ಟು ದಿನ ಎಂಬ ಅವಧಿ ಇರುವುದರಿಂದ ತಪ್ಪು ತಾರೀಖಿನ ಕಂಪ್ಯೂಟರಿಗೆ ಅವು ಸುಳ್ಳಾಗಿ ಕಾಣುತ್ತವೆ. ಡೆಸ್ಕ್‌ಟಾಪ್ ಆಗಿದ್ದರೆ ಮದರ್‌ಬೋರ್ಡಿನ ಮೇಲಿನ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಸತ್ತಿರುತ್ತದೆ. ರಾತ್ರಿ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುವ ನಮ್ಮಂಥ ಅಂಗಡಿಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲೂ ಈ ಬ್ಯಾಟರಿ ಸಿಗುತ್ತದೆ.

ಮೂರು: ನಿಮ್ಮ ವಿಂಡೋಸ್ ಯಾವುದು?

'ಟೆನ್ ಇರಬೇಕ್ರಿ' ಎಂಬ ಉತ್ತರ ಸಾಲದು. ವಿಂಡೋಸ್ ಕೀ ಹಿಡಿದು ಆರ್ ಒತ್ತಿ, ಬರುವ ಪುಟ್ಟ ಪೆಟ್ಟಿಗೆಯಲ್ಲಿ ವಿನ್‌ವರ್ (winver) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ. ಆವೃತ್ತಿ, ಬಿಲ್ಡ್ ಸಂಖ್ಯೆ ಎರಡೂ ಕಾಣುತ್ತವೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 7ಕ್ಕೆ 2020ರ ಜನವರಿ 14, ವಿಂಡೋಸ್ 8.1ಕ್ಕೆ 2023ರ ಜನವರಿ 10, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಆಮೇಲೆ ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್ ಬರುವುದು ವಿಸ್ತರಿತ ಯೋಜನೆಗೆ ನೋಂದಾಯಿಸಿಕೊಂಡವರಿಗೆ ಮಾತ್ರ. ಕ್ರೋಮ್ ಬ್ರೌಸರ್ ಕೂಡ ವಿಂಡೋಸ್ 7 ಮತ್ತು 8.1ರ ಕೈಬಿಟ್ಟಿದೆ. ಅವುಗಳಲ್ಲಿ ಓಡುವ ಕೊನೆಯ ಆವೃತ್ತಿ 109. ನಿಮ್ಮದು ಈ ಹಳೆಯ ಸಾಲಿನದಾದರೆ ಮುಂದೆ ಹೇಳುವ ಎಲ್ಲವೂ ನಿಮಗೆ ಒದಗುವುದಿಲ್ಲ. ನಿಮ್ಮ ವಿಷಯ ಕೊನೆಗೆ ಬರುತ್ತದೆ.

ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನೂ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ನನ್ನನ್ನು ಕೆಡವಿದ್ದು ಈ ಬಿಟ್ಟೇ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಎಂಬ ಫೋಲ್ಡರಿನೊಳಗೆ ಇರುವುದು 64 ಬಿಟ್ ಕಡತಗಳು. 32 ಬಿಟ್‌ನವು ಇರುವುದು ಸಿಸ್‌ವಾವ್64 ಎಂಬುದರಲ್ಲಿ. ತಪ್ಪಾಗಿ ಓದಿದಿರೇನೋ ಎಂದು ಮತ್ತೆ ಓದಬೇಡಿ, ಹೆಸರು ಇಟ್ಟದ್ದೇ ಹಾಗೆ. ಹಳೆಯ ಪ್ರೋಗ್ರಾಂಗಳು ಸಿಸ್ಟಮ್32 ಎಂಬ ಹೆಸರಿಗೇ ಗಂಟುಬಿದ್ದಿದ್ದರಿಂದ ಅದನ್ನು ಬದಲಿಸಲಿಲ್ಲ. ನಾನು ಹೆಸರು ನಂಬಿ 32 ಬಿಟ್ ಕಡತವನ್ನು ಸಿಸ್ಟಮ್32ಗೆ ಹಾಕಿದ್ದೆ. 0ಎಕ್ಸ್‌ಸಿ000007ಬಿ ಎಂಬ ಸಂಖ್ಯೆ ಹೆಚ್ಚಾಗಿ ಹೇಳುವುದು ಇಂಥ ಬೆರಕೆಯನ್ನೇ.

ನಾಲ್ಕು: ಕೈ ಹಾಕುವ ಮುಂಚೆ

ಲೆಕ್ಕದ ಸಾಫ್ಟ್‌ವೇರಿನ ಡೇಟಾ ಫೋಲ್ಡರು, ಗಿರಾಕಿಗಳ ಡಿಸೈನ್‌ಗಳು, ಡೆಸ್ಕ್‌ಟಾಪ್ ತುಂಬ ಹರಡಿದ ಫೈಲುಗಳು, ಎಲ್ಲವನ್ನೂ ಪೆನ್‌ಡ್ರೈವ್‌ಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ನಕಲು ಮಾಡಿ. ಬಳಿಕ ಸ್ಟಾರ್ಟ್‌ನಲ್ಲಿ ರಿಸ್ಟೋರ್ ಪಾಯಿಂಟ್ (ಎಡವಟ್ಟಾದರೆ ಸಿಸ್ಟಮ್ ಹಿಂದಿನ ಸ್ಥಿತಿಗೆ ಮರಳಲು ಇಡುವ ಗುರುತು) ಎಂದು ಹುಡುಕಿ ಒಂದನ್ನು ಸೃಷ್ಟಿಸಿ. ಎಷ್ಟೋ ವಿಂಡೋಸ್ 10 ಸಿಸ್ಟಮ್‌ಗಳಲ್ಲಿ ಈ ರಕ್ಷಣೆ ಆಫ್ ಆಗಿಯೇ ಇರುತ್ತದೆ. ಅಲ್ಲೇ ಕಾನ್ಫಿಗರ್ ಒತ್ತಿ ಆನ್ ಮಾಡಬೇಕು.

ಐದು: ಶಟ್‌ಡೌನ್ ಅಲ್ಲ, ರಿಸ್ಟಾರ್ಟ್

ಈಗ ವಿಂಡೋಸ್ ಅಪ್‌ಡೇಟ್. ಸೆಟ್ಟಿಂಗ್ಸ್ ತೆರೆದು ಚೆಕ್ ಒತ್ತುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಬೇರೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದಾಗ ಕಂಪ್ಯೂಟರ್ ಪೂರ್ತಿ ಆರುವುದಿಲ್ಲ. ವಿಂಡೋಸ್‌ನ ತಿರುಳು ಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಏಳುತ್ತದೆ. ನಿಜವಾಗಿ ಹೊಸದಾಗಿ ಏಳುವುದು ರಿಸ್ಟಾರ್ಟ್ ಕೊಟ್ಟಾಗ. ದಿನಾ ರಾತ್ರಿ ಶಟ್‌ಡೌನ್ ಮಾಡ್ತೀನಿ ಎನ್ನುವವರ ಸಿಸ್ಟಮ್ ಕೂಡ ತಿಂಗಳಿಂದ ಒಮ್ಮೆಯೂ ಸರಿಯಾಗಿ ಹೊಸದಾಗಿ ಎದ್ದಿರುವುದಿಲ್ಲ. ಅಪ್‌ಡೇಟ್ ಅರ್ಧಕ್ಕೆ ಕೂತಿರುವ ಸಿಸ್ಟಮ್‌ಗಳಲ್ಲಿ ಎರಡು ಸಲ ರಿಸ್ಟಾರ್ಟ್ ಕೊಟ್ಟಷ್ಟಕ್ಕೇ ಕೆಲಸ ಮುಗಿದದ್ದನ್ನು ನಾನು ನೋಡಿದ್ದೇನೆ.

ಸಿ ಡ್ರೈವ್ ತುಂಬಿ ಕೆಂಪಾಗಿದ್ದರೆ ಅಪ್‌ಡೇಟ್ ಇಳಿಯುವುದಿಲ್ಲ. 20 ಜಿಬಿಯಷ್ಟಾದರೂ ಖಾಲಿ ಇರಲಿ. ನಮ್ಮ ಡಿಟಿಪಿಯವರ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ವಾಟ್ಸ್‌ಆ್ಯಪ್‌ನಿಂದ ಬಂದ ವಧೂವರರ ಫೋಟೊಗಳೇ ಅಷ್ಟು ಜಾಗ ತಿಂದಿರುತ್ತವೆ.

ಆರು: ತವರಿಗೆ ಹೋಗುವುದು

ಮುಖ್ಯವಾದದ್ದು ಇಲ್ಲಿದೆ, ನಿಧಾನವಾಗಿ ಓದಿ. ಕಡತದ ಹೆಸರಿನಲ್ಲಿಯೇ ತವರಿನ ಗುರುತು ಇರುತ್ತದೆ. ಎಂಎಸ್‌ವಿಸಿಆರ್100 ಎಂದಿದ್ದರೆ ಅದು ಮೈಕ್ರೋಸಾಫ್ಟ್‌ನ ವಿಶುವಲ್ ಸಿ ಪ್ಲಸ್ ಪ್ಲಸ್ (ಪ್ರೋಗ್ರಾಂ ಬರೆಯುವ ಸಾಧನ) 2010ರ ಪ್ಯಾಕೇಜಿನದು. 110 ಎಂದರೆ 2012ರದು, 120 ಎಂದರೆ 2013ರದು. 140 ಎಂದು ಕೊನೆಯಾಗುವವು, ಅಂದರೆ ಎಂಎಸ್‌ವಿಸಿಪಿ140, ವಿಸಿರನ್‌ಟೈಮ್140 ಮುಂತಾದವು, 2015ರಿಂದ ಈಚಿನ ಒಂದೇ ಕುಟುಂಬ. ಮೊದಲಿನವು ವರ್ಷಕ್ಕೊಂದು ಮನೆ ಮಾಡಿಕೊಂಡಿದ್ದವು, ಇವು ಅವಿಭಕ್ತವಾಗಿ ಉಳಿದಿವೆ. ಹಾಗಾಗಿ ಇವಕ್ಕೆಲ್ಲ ಇತ್ತೀಚಿನ ಒಂದು ಪ್ಯಾಕೇಜ್ ಹಾಕಿದರೆ ಸಾಕು. ಆದರೆ 2010, 2013ರವು ಪ್ರತ್ಯೇಕವಾಗಿಯೇ ಇರಬೇಕು. ಹೊಸದು ಹಾಕಿದೆನಲ್ಲ ಎಂದು ಹಳೆಯವನ್ನು ಅಳಿಸಬೇಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇವುಗಳ ಉದ್ದನೆಯ ಪಟ್ಟಿ ಕಂಡು 'ಎಷ್ಟೊಂದು ಕಸ' ಎಂದು ಗುಡಿಸಿದವರು ನನಗೆ ಗೊತ್ತು, ಗುಡಿಸಿದ ಮರುದಿನವೇ ಅವರ ಫೋನ್ ಬಂತು.

ನನ್ನ ಸಂಗತಿ ಏನಾಗಿತ್ತೆಂದರೆ, ವಿಸಿರನ್‌ಟೈಮ್140_1 ಎಂಬ ಕಡತ ಈ ಕುಟುಂಬಕ್ಕೆ ಬಂದದ್ದು 2019ರ ಆವೃತ್ತಿಯೊಂದಿಗೆ. ನನ್ನ ಸಿಸ್ಟಮ್‌ನಲ್ಲಿ 140ರ ಪ್ಯಾಕೇಜ್ ಇತ್ತು, ಆದರೆ 2015ರ ಕಾಲದ್ದು. ಕಡತ ಕಳೆದುಹೋಗಿರಲಿಲ್ಲ, ಹುಟ್ಟಿಯೇ ಇರಲಿಲ್ಲ. ಮೈಕ್ರೋಸಾಫ್ಟ್‌ನ ಸ್ವಂತ ಪುಟದಿಂದ ರಿಡಿಸ್ಟ್ರಿಬ್ಯೂಟೆಬಲ್ ಎಂಬ ಆ ಪ್ಯಾಕೇಜಿನ ಹೊಸ ಆವೃತ್ತಿ ಇಳಿಸಿ ರಿಪೇರ್ ಸಹಿತ ಓಡಿಸಿದೆ. ನಾನು ತುರುಕಿದ್ದ ಬೆರಕೆ ಕಡತಗಳ ಜಾಗಕ್ಕೆ ಸರಿಯಾದವು ಬಂದು ಕೂತವು. ಫೋಟೊ ಸಾಫ್ಟ್‌ವೇರೂ ಎದ್ದಿತು, ಸ್ಕ್ಯಾನರೂ ಎದ್ದಿತು. ಒಟ್ಟು ಹಿಡಿದದ್ದು ಹತ್ತು ನಿಮಿಷ, ಅದಕ್ಕೆ ಮೊದಲು ಕಳೆದದ್ದು ಅರ್ಧ ದಿನ.

64 ಬಿಟ್ ವಿಂಡೋಸ್ ಇದ್ದರೂ ಎಕ್ಸ್64, ಎಕ್ಸ್86 ಎಂಬ ಎರಡೂ ಪ್ಯಾಕೇಜುಗಳನ್ನು ಹಾಕಿ. ನೀವು ಬಳಸುವ ಎಷ್ಟೋ ಪ್ರೋಗ್ರಾಂಗಳು ಇನ್ನೂ 32 ಬಿಟ್‌ನವೇ, ಅವು ಕೇಳುವುದು ಎಕ್ಸ್86ನ್ನು.

ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರುಗಳು ಡಾಟ್ ನೆಟ್ 3.5 ಎಂಬ ಮೈಕ್ರೋಸಾಫ್ಟ್‌ನದೇ ಕಡತಗಳ ಕಟ್ಟನ್ನು ಕೇಳುವುದುಂಟು. ಅದು ವಿಂಡೋಸ್‌ನದೇ ಭಾಗ, ಆನ್ ಮಾಡಬೇಕಷ್ಟೆ. ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ಒಳಗೆ ವಿಂಡೋಸ್ ಫೀಚರ್ಸ್ ಆನ್ ಅಥವಾ ಆಫ್ ಮಾಡುವ ಪಟ್ಟಿಯಲ್ಲಿ ಟಿಕ್ ಹಾಕಿ, ಇಂಟರ್‌ನೆಟ್ ಇರಲಿ.

ಡಿಎಲ್ಎಲ್ ಮಾರುವ ಸೈಟುಗಳು, 'ಒಂದೇ ಕ್ಲಿಕ್ಕಿಗೆ ಎಲ್ಲ ಡ್ರೈವರ್ ಅಪ್‌ಡೇಟ್' ಎನ್ನುವ ತಂತ್ರಾಂಶಗಳು, ಇವುಗಳ ಸುದ್ದಿಗೆ ಹೋಗಬೇಡಿ. ಆ ಕಡತ ಯಾವ ಆವೃತ್ತಿಯದು, ಯಾರು ಅದಕ್ಕೆ ಏನು ಸೇರಿಸಿದ್ದಾರೆ ಎಂದು ತಿಳಿಯುವ ದಾರಿ ನಿಮಗಿಲ್ಲ.

ಏಳು: ಹಾಳಾದದ್ದಾದರೆ

ಅಪ್‌ಡೇಟ್ ಆಗಿದೆ, ಪ್ಯಾಕೇಜ್ ಹೊಸದು, ಆದರೂ ವಿಂಡೋಸ್ ತಾನೇ ಎಡವುತ್ತಿದ್ದರೆ ಮುರಿದ ಕಡತಗಳ ಸರದಿ. ಸ್ಟಾರ್ಟ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಬಲ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಎರಡು ಕಮಾಂಡ್‌ಗಳಿವೆ. ಎರಡನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಕೀಲಿಮಣೆ ಆನ್ ಇದ್ದರೆ ಮೊದಲು ಆರಿಸಿ, ಕಪ್ಪು ಪರದೆಗೆ ಕನ್ನಡ ಗೊತ್ತಿಲ್ಲ. ಪ್ರತಿ ಓರೆಗೆರೆಯ ಮುಂಚೆ ಒಂದು ಸ್ಪೇಸ್ ಇರಲಿ.

ಮೊದಲನೆಯದು (DISM /Online /Cleanup-Image /RestoreHealth): ಡಿಐಎಸ್ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್

ಅದು ಮುಗಿದ ಬಳಿಕ (sfc /scannow): ಎಸ್ಎಫ್‌ಸಿ /ಸ್ಕ್ಯಾನ್‌ನೌ

ಈ ಕ್ರಮಕ್ಕೆ ಕಾರಣವಿದೆ. ಎಸ್ಎಫ್‌ಸಿ ವಿಂಡೋಸ್‌ನ ಕಡತಗಳನ್ನು ಒಂದೊಂದಾಗಿ ತಪಾಸಣೆ ಮಾಡಿ, ಕೆಟ್ಟದ್ದರ ಜಾಗಕ್ಕೆ ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರಿನಲ್ಲಿರುವ ದಾಸ್ತಾನಿನಿಂದ ಒಳ್ಳೆಯದನ್ನು ತಂದು ಹಾಕುತ್ತದೆ. ಗೋದಾಮಿನ ಮೆಕ್ಕೆಜೋಳಕ್ಕೇ ಬೂಷ್ಟು ಹಿಡಿದಿದ್ದರೆ ಅಂಗಡಿಯ ಚೀಲ ಬದಲಿಸಿ ಏನು ಬಂತು? ಡಿಐಎಸ್ಎಂ ಮೊದಲು ಗೋದಾಮನ್ನೇ ಸರಿಪಡಿಸುತ್ತದೆ, ಬೇಕಾದ ಸರಕನ್ನು ವಿಂಡೋಸ್ ಅಪ್‌ಡೇಟ್‌ನಿಂದ ತರಿಸುತ್ತದೆ. ಇದು ಓಡುವಾಗ ಶೇಕಡಾ 62ರ ಆಸುಪಾಸಿನಲ್ಲಿ ಬಹಳ ಹೊತ್ತು ನಿಲ್ಲುವುದು ಸಾಮಾನ್ಯ. ಹ್ಯಾಂಗ್ ಆಯಿತೆಂದು ಕಿಟಕಿ ಮುಚ್ಚಬೇಡಿ. ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ನಿಂತು ಅಭ್ಯಾಸವಿರುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಪ್ಲೇಟ್ ನರ್ಗಿಸ್ ಮಂಡಕ್ಕಿ ತಿಂದು, ಚಾ ಕುಡಿದು ಬನ್ನಿ.

ಎಸ್ಎಫ್‌ಸಿ ಕೊನೆಗೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಮಾತು ಹೇಳುತ್ತದೆ. ದೋಷವೇನೂ ಇಲ್ಲ ಎಂದರೆ ತೊಂದರೆ ಬೇರೆಡೆ ಇದೆ. ದೋಷ ಸಿಕ್ಕಿತು, ಸರಿಪಡಿಸಿದೆ ಎಂದರೆ ರಿಸ್ಟಾರ್ಟ್ ಮಾಡಿ ನೋಡಿ. ಸಿಕ್ಕಿತು, ಆದರೆ ಕೆಲವನ್ನು ಸರಿಪಡಿಸಲಾಗಲಿಲ್ಲ ಎಂದರೆ ಎರಡೂ ಕಮಾಂಡ್‌ಗಳನ್ನು ಇನ್ನೊಮ್ಮೆ ಓಡಿಸಿ.

ಅಂತರ್ಜಾಲದಲ್ಲಿ ಯಾವ ಸಮಸ್ಯೆಗೂ ಎಸ್ಎಫ್‌ಸಿ ಓಡಿಸಿ ಎಂಬ ಸಲಹೆ ಸಿಗುತ್ತದೆ. ಅದು ನೋಡಿಕೊಳ್ಳುವುದು ವಿಂಡೋಸ್‌ನ ಸ್ವಂತ ಕಡತಗಳನ್ನು ಮಾತ್ರ. ಆರನೆಯ ಹಂತದಲ್ಲಿ ಹೇಳಿದ ವಿಸಿರನ್‌ಟೈಮ್‌ನಂಥವು ಅದರ ಲೆಕ್ಕದಲ್ಲಿಲ್ಲ. ಹಳೆಯ ಕಡತವನ್ನು ಹೊಸದು ಮಾಡುವುದೂ ಅದರ ಕೆಲಸವಲ್ಲ. ನಾನು ಕೂಡ ಅವತ್ತು ಎಸ್ಎಫ್‌ಸಿಯನ್ನು ಎರಡು ಸಲ ಓಡಿಸಿದ್ದೆ. ಎರಡು ಸಲವೂ ಎಲ್ಲ ಸರಿಯಿದೆ ಎಂದಿತು, ಅದರ ಮಟ್ಟಿಗೆ ನಿಜವನ್ನೇ ಹೇಳಿತು.

ಕನ್ನಡದ ಒತ್ತು ಕಳಚಿದಾಗ

ಇದು ನಮ್ಮ ವೃತ್ತಿಯವರಿಗೆ, ಪ್ರತ್ಯೇಕವಾಗಿ. ಎಕ್ಸ್‌ಪಿ ಕಾಲದಲ್ಲಿ ಯೂನಿಕೋಡ್ ಕನ್ನಡ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದ ಕನ್ನಡ, ತೆರೆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು ನೆನಪಿದೆಯೇ? ತುಂಗಾ ಎಂಬ ಕನ್ನಡ ಫಾಂಟ್ ಎಕ್ಸ್‌ಪಿಯೊಂದಿಗೇ ಬರುತ್ತಿತ್ತು. ಕೊರತೆ ಇದ್ದದ್ದು ಅಕ್ಷರಗಳನ್ನು ಕೂಡಿಸುವ ಎಂಜಿನ್‌ನಲ್ಲಿ. ಆ ಕೆಲಸ ಮಾಡುವುದು ಯುಎಸ್‌ಪಿ10.ಡಿಎಲ್ಎಲ್ ಎಂಬ ಸಿಸ್ಟಮ್ ಕಡತ. ರೀಜನಲ್ ಸೆಟ್ಟಿಂಗ್ಸ್‌ಗೆ ಹೋಗಿ, ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಟಿಕ್ ಹಾಕಿ, ಎಕ್ಸ್‌ಪಿ ಸಿಡಿ ತೂರಿಸಬೇಕಿತ್ತು. ಸಿಡಿ ಕೊಟ್ಟವನು ಯಾರು, ಎಲ್ಲಿದ್ದಾನೆ ಎಂಬುದು ಮುಂದಿನ ಪ್ರಶ್ನೆ.

ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಒಂದೇ ಸಿಸ್ಟಮ್‌ನಲ್ಲಿ ವರ್ಡ್‌ನಲ್ಲಿ ಕನ್ನಡ ಚೆಂದ, ನೋಟ್‌ಪ್ಯಾಡ್‌ನಲ್ಲಿ ಕೆಟ್ಟದ್ದು. ಆಫೀಸ್ 2003 ತನ್ನ ಫೋಲ್ಡರಿನಲ್ಲಿ ಯುಎಸ್‌ಪಿ10ರ ಹೊಸ ಪ್ರತಿಯನ್ನು ಇಟ್ಟುಕೊಂಡಿತ್ತು, ನೋಟ್‌ಪ್ಯಾಡ್‌ಗೆ ಸಿಸ್ಟಮ್32ನ ಹಳೆಯದೇ ಗತಿ. ಇದರ ತಿರುಗುಮುರುಗೂ ಆಗುತ್ತದೆ. ಪ್ರೋಗ್ರಾಂ ಸಾಮಾನ್ಯವಾಗಿ ಡಿಎಲ್ಎಲ್‌ಗಾಗಿ ಮೊದಲು ತನ್ನ ಫೋಲ್ಡರಿನಲ್ಲೇ ಹುಡುಕಿ, ಆಮೇಲೆ ವಿಂಡೋಸ್‌ನ ಕಡೆ ನೋಡುತ್ತದೆ. ಯಾರೋ ಹಿಂದೆ ಅಲ್ಲಿ ಹಳೆಯ ಡಿಎಲ್ಎಲ್ ಇಟ್ಟುಹೋಗಿದ್ದರೆ ವಿಂಡೋಸ್ ಎಷ್ಟು ಹೊಸದಾಗಿದ್ದರೂ ಆ ಪ್ರೋಗ್ರಾಂ ಮಾತ್ರ ಕುಂಟುತ್ತಿರುತ್ತದೆ. ಒಂದೇ ಪ್ರೋಗ್ರಾಂ ಹಟ ಮಾಡುತ್ತಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಉಳಿದ ಫೋಲ್ಡರನ್ನು ಬೇರೆಡೆ ಸರಿಸಿ, ಹೊಸದಾಗಿ ಹಾಕಿ.

ಈಗಿನ ಸಿಸ್ಟಮ್‌ಗಳಲ್ಲಿ ಕನ್ನಡ ಕೆಟ್ಟು ಕಂಡರೆ ಕಣ್ಣಳತೆಯಲ್ಲೇ ರೋಗ ಹೇಳಬಹುದು. ಇಂಗ್ಲಿಷಿನ ತಲೆಬುಡವಿಲ್ಲದ ಅಕ್ಷರಗಳು, ಅವುಗಳ ಮೇಲೆ ಕೊಂಬು, ಬಾಲ ಕಂಡರೆ ಅದು ಯೂನಿಕೋಡ್ ಅಲ್ಲ, ನುಡಿಯ ಹಳೆಯ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ) ಅಕ್ಷರ. ಆ ಫಾಂಟ್ ಹಾಕಿದರೆ ಸರಿ. ಬರೀ ಚೌಕಗಳಾದರೆ ಯೂನಿಕೋಡ್ ಕನ್ನಡ ಫಾಂಟ್ ಇಲ್ಲ. ವಿಂಡೋಸ್ ತುಂಬ ಸರಿಯಿದ್ದು ಡಿಸೈನ್ ಸಾಫ್ಟ್‌ವೇರಿನಲ್ಲಿ ಮಾತ್ರ ಒತ್ತು ಕಳಚುತ್ತಿದ್ದರೆ ಸಿಸ್ಟಮ್ ಕಡತಗಳನ್ನು ಮುಟ್ಟಲೇಬೇಡಿ. ಫೋಟೊಶಾಪ್, ಇನ್‌ಡಿಸೈನ್‌ಗಳ ಹಲವು ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳಿಗೆ ಬೇರೆಯೇ ಸಂಯೋಜಕವನ್ನು ಸೆಟ್ಟಿಂಗ್‌ನಲ್ಲಿ ಆರಿಸಬೇಕು.

ಏನೂ ಕೇಳದಿದ್ದರೆ

ಫಾರ್ಮ್ಯಾಟ್‌ಗಿಂತ ಮೊದಲು ಇನ್ನೊಂದು ಮೆಟ್ಟಿಲಿದೆ. ಮೈಕ್ರೋಸಾಫ್ಟ್ ಪುಟದಿಂದ ನಿಮ್ಮದೇ ವಿಂಡೋಸ್‌ನ ಐಎಸ್ಒ ಕಡತ (ಇಡೀ ಇನ್‌ಸ್ಟಾಲ್ ಡಿಸ್ಕಿನ ನಕಲು) ಇಳಿಸಿ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಸೆಟಪ್ ಓಡಿಸಿ. ಫೈಲುಗಳನ್ನೂ ಆ್ಯಪ್‌ಗಳನ್ನೂ ಉಳಿಸಿಕೊಳ್ಳುವ ಆಯ್ಕೆಗೆ ಟಿಕ್ ಹಾಕಿ. ಸಿಸ್ಟಮ್ ಕಡತಗಳೆಲ್ಲ ಹೊಸದಾಗುತ್ತವೆ, ನುಡಿಯೂ ಲೆಕ್ಕದ ಸಾಫ್ಟ್‌ವೇರೂ ಇದ್ದಲ್ಲೇ ಇರುತ್ತವೆ. ಭಾಷೆಯೂ ಎಡಿಷನ್ನೂ ಹೊಂದಬೇಕು, ಇಲ್ಲದಿದ್ದರೆ ಆ ಆಯ್ಕೆ ಮಸುಕಾಗಿರುತ್ತದೆ. ಹೊಸ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲೇ ಇದಕ್ಕೊಂದು ಗುಂಡಿ ಇದೆ. ರಾತ್ರಿ ಅಂಗಡಿ ಮುಚ್ಚುವಾಗ ಶುರುಮಾಡುವುದಾದರೆ ಅವತ್ತೊಂದು ದಿನ ಮೇನ್ ಸ್ವಿಚ್ ಆರಿಸಬೇಡಿ, ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಹಳೆಯ ಸಾಲಿನವರು. ವಿಂಡೋಸ್ 7ರಲ್ಲಿ ಡಿಐಎಸ್ಎಂನ ರಿಸ್ಟೋರ್‌ಹೆಲ್ತ್ ಇಲ್ಲವೇ ಇಲ್ಲ, ಎಸ್ಎಫ್‌ಸಿ ಮಾತ್ರ ಇದೆ. ವಿಂಡೋಸ್ 11ಕ್ಕೆ ಏರೋಣ ಎಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಅದರ ಪಟ್ಟಿಯಲ್ಲಿರಬೇಕು, ಇಂಟೆಲ್‌ನದಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನಿಂದ ಈಚಿನದು. ಹಾಗೆಂದು ಹಳೆಯದನ್ನೆಲ್ಲ ಗುಜರಿಗೆ ಹಾಕಿ ಎನ್ನುವವನು ನಾನಲ್ಲ. ಪುಟವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಇವತ್ತಿಗೂ ಅದರಲ್ಲೇ ಕರಪತ್ರ ಕೂರಿಸುವ ಕೈಗಳು ಈ ಊರಲ್ಲಿವೆ. ಅಂಥ ಸಿಸ್ಟಮ್ ಕೆಲಸ ಮಾಡುತ್ತಿದ್ದರೆ ಮಾಡಲಿ. ಇಂಟರ್‌ನೆಟ್ ವೈರ್ ಮಾತ್ರ ಕಿತ್ತಿಡಿ, ಬ್ಯಾಂಕಿನ ವ್ಯವಹಾರ ಬೇರೆ ಮಷಿನ್‌ನಲ್ಲಿ ಮಾಡಿ, ಪೆನ್‌ಡ್ರೈವ್ ಒಳಹೊಕ್ಕುವ ಮುಂಚೆ ಹೊಸ ಮಷಿನ್‌ನಲ್ಲಿ ಸ್ಕ್ಯಾನ್ ಆಗಲಿ.

ನನ್ನ ಅಂಗಡಿಯಲ್ಲೂ ಮೂಲೆಯಲ್ಲಿ ಅಂಥದೊಂದು ಎಕ್ಸ್‌ಪಿ ಇದೆ. ಅದರ ಕ್ಯಾಬಿನೆಟ್ಟಿನ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: ವಿಂಡೋಸ್‌ನ ಆವೃತ್ತಿ, 32 ಬಿಟ್, ಬ್ಯಾಟರಿ ಬದಲಿಸಿದ ತಾರೀಖು, ಕಡೆಯ ಸಲ ಡೇಟಾ ನಕಲು ಮಾಡಿದ ದಿನ. ಅದರ ಕೆಳಗೆ ನಮ್ಮ ಹುಡುಗ ಕೆಂಪು ಸ್ಕೆಚ್ ಪೆನ್ನಿನಲ್ಲಿ ತಾನಾಗಿಯೇ ಒಂದು ಸಾಲು ಸೇರಿಸಿದ್ದಾನೆ: 'ಅಣ್ಣನ್ನ ಕೇಳದೆ ಡಿಎಲ್ಎಲ್ ಹಾಕಬ್ಯಾಡ್ರಿ. ಅಣ್ಣನೂ ಹಾಕಬಾರ್ದು.'